ಹಳದಿ ಮೇಲೆ, ಕೆಂಪು ಕೆಳಗೆ

ದೀಪಾವಳಿಗೆ ನಮ್ಮೂರು ದುಂಡಸಿಗೆ ಹೋದಾಗ ಹೊಲದ ಪಹಣಿ ನೋಡುವ ಕೆಲಸ ಬಿತ್ತು. ಅಣ್ಣನ ಮಗ ಲ್ಯಾಪ್‌ಟಾಪ್ ತಂದು ಪಡಸಾಲೆಯಲ್ಲಿ ನನ್ನ ಮುಂದಿಟ್ಟ. ಅಕ್ಷರಗಳು ಬೆಲ್ಲದ ಡಬ್ಬಿಗೆ ಹೊರಟ ಇರುವೆಗಳ ಹಾಗೆ ಕಂಡವು. ಕನ್ನಡಕ ಏರಿಸಿದೆ, ಇಳಿಸಿದೆ, ಕೊನೆಗೆ ಮೂಗು ಪರದೆಗೆ ತಾಗುವಷ್ಟು ಬಗ್ಗಿದೆ. ಹುಡುಗನಿಗೆ ಕನಿಕರ ಬಂತು.

“ಇರ್ರಿ ಕಾಕಾ, ನಿಮ್ಮ ಕಣ್ಣಿಗೆ ತಕ್ಕಂಗ ಮಾಡಿಕೊಡ್ತೀನಿ,” ಎಂದು ಸೆಟ್ಟಿಂಗ್ಸ್ ಒಳಗೆ ಹೊಕ್ಕು, ದೃಷ್ಟಿ ಮಂದವಾದವರಿಗಾಗಿ ಇಟ್ಟ ಒಂದು ಪುಟ ತೆರೆದ. ಅಲ್ಲಿ ಬಣ್ಣದ ಸಣ್ಣ ಚೌಕಗಳ ಸಾಲು. “ಹೇಳ್ರಿ. ಹಿಂದಕ್ಕ ಯಾವ ಬಣ್ಣ, ಅಕ್ಷರಕ್ಕ ಯಾವ ಬಣ್ಣ?”

ಈ ಪ್ರಶ್ನೆಯನ್ನು ಯಾರಾದರೂ ಕೇಳಲಿ ಎಂದು ಇಪ್ಪತ್ತು ವರ್ಷಕ್ಕೂ ಮೇಲಾಗಿ ಕಾದಿದ್ದೆ. ಆದರೂ ಬಾಯಿ ಬರಲಿಲ್ಲ. ಒಮ್ಮೆ ಸುಟ್ಟುಕೊಂಡ ಬಾಯಿ ಅದು.

ಬಣ್ಣದ ವಿಷಯದಲ್ಲಿ ನಮ್ಮ ಸೀಮೆಯವರಿಗೆ ಸಂಕೋಚ ಕಡಿಮೆ. ಹಬ್ಬ ಬಂತೆಂದರೆ ಗೋಡೆಗೆ ಸುಣ್ಣ, ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ, ಹೊಸ್ತಿಲಿಗೆ ಅರಿಷಿಣ, ಅದರ ಮೇಲೆ ಕುಂಕುಮದ ಬೊಟ್ಟು. ಬಾಗಿಲಲ್ಲಿ ಕೂತ ಸಗಣಿಯ ಪಾಂಡವರ ನೆತ್ತಿಗೂ ಚೆಂಡುಹೂ ಬೇಕು. ನಮ್ಮ ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್ ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ: ಅಲ್ಲಿ ಸಿಮೆಂಟಿನ ಎತ್ತಿಗೂ ಬಣ್ಣ ಬಳಿದು ಜೀವ ಬರಿಸಿದ್ದಾರೆ.

ಹಸಿರಿಗಂತೂ ನಮ್ಮಲ್ಲಿ ಬರವಿರಲಿಲ್ಲ. ದುಂಡಸಿ ಎಂದರೆ ಅರಣ್ಯ ಇಲಾಖೆಯ ಒಂದು ವಲಯಕ್ಕೇ ಹೆಸರು ಕೊಟ್ಟ ಊರು. ಹಾಗಾಗಿ 2001ರ ವಿಂಡೋಸ್ ಎಕ್ಸ್‌ಪಿ ತನ್ನ ಪರದೆಯ ಮೇಲೆ ಹಸಿರು ಗುಡ್ಡ, ನೀಲಿ ಆಕಾಶದ ಚಿತ್ರ ಹೊತ್ತು ಬಂದಾಗ ಲೋಕವೆಲ್ಲ ಮರುಳಾದರೂ ನಾನು ಆಗಲಿಲ್ಲ. ಆ ಚಿತ್ರವನ್ನು ಚಾರ್ಲ್ಸ್ ಒ’ರಿಯರ್ ಎಂಬಾತ 1996ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಸೊನೋಮಾದಲ್ಲಿ ತೆಗೆದದ್ದು. ಅಲ್ಲಿದ್ದ ದ್ರಾಕ್ಷಿ ಬಳ್ಳಿಗೆ ಕೀಟ ಹತ್ತಿ, ಬಳ್ಳಿ ಕಿತ್ತು ಹಾಕಿದ ಮೇಲೆ ಹುಲ್ಲು ಬೆಳೆದ ಗುಡ್ಡವಂತೆ ಅದು. ಬೆಳೆ ಹೋದ ಹೊಲದ ಚಿತ್ರವನ್ನು ದಿನಾ ಕಣ್ಣೆದುರು ಇಟ್ಟುಕೊಳ್ಳುವುದು ರೈತನ ಮಗನಿಂದ ಆಗುವ ಕೆಲಸವೇ?

ನಾನು ಕಲಿತದ್ದು ಶಿಗ್ಗಾಂವಿಯ ಒಂದು ಕಂಪ್ಯೂಟರ್ ಸೆಂಟರಿನಲ್ಲಿ, ವಿಂಡೋಸ್ 98ರ ಮೇಲೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಮಾನಿಟರಿಗೆ ಮದುಮಗಳ ಸೆರಗಿನಂತೆ ಒಂದು ಬಟ್ಟೆ. ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡುವುದು ಪಾಠ, ಉಳಿದ ಹೊತ್ತು ಬಣ್ಣದಾಟ. ಡೆಸ್ಕ್‌ಟಾಪ್ ಮೇಲೆ ಬಲಗುಂಡಿ ಒತ್ತಿ ಒಳಗೆ ಹೋದರೆ ಅಪಿಯರೆನ್ಸ್ ಎಂಬ ಭಾಗ. ಅದರಲ್ಲಿ ಸಿದ್ಧ ಬಣ್ಣಜೋಡಣೆಗಳ ಪಟ್ಟಿ. ಆ ಹೆಸರುಗಳೋ! ಬದನೆಕಾಯಿ, ಕುಂಬಳಕಾಯಿ, ಗೋಧಿ, ಇಟ್ಟಿಗೆ. ವಿಂಡೋಸ್ 95ರಿಂದ ಬಂದ ಬಳುವಳಿ ಅದು. ಅಮೆರಿಕದಲ್ಲಿ ಕೂತವರು ಶಿಗ್ಗಾಂವಿ ಸಂತೆಯಲ್ಲಿ ಚೀಲ ಹಿಡಿದು ಹೆಸರಿಟ್ಟಂತಿತ್ತು. ಅಂದ ಹಾಗೆ ವಿಂಡೋಸ್ 95 ಬಿಡುಗಡೆಯಾದದ್ದು 1995ರ ಆಗಸ್ಟ್ 24. ಧಾರವಾಡದಿಂದ ಬೇರೆಯಾಗಿ ನಮ್ಮ ಹಾವೇರಿ ಜಿಲ್ಲೆ ಹುಟ್ಟಿದ್ದು 1997ರ ಆಗಸ್ಟ್ 24. ಎರಡಕ್ಕೂ ಏನು ಸಂಬಂಧ ಎಂದು ಕೇಳಬೇಡಿ, ನಾನು ಪರೀಕ್ಷೆಗೆ ನೆನಪಿಟ್ಟದ್ದೇ ಹೀಗೆ.

ಆದರೆ ನನ್ನ ಮನಸ್ಸು ಕದ್ದ ಜೋಡಣೆ ಆ ಪಟ್ಟಿಯಲ್ಲಿರಲಿಲ್ಲ. ಅದು ಇನ್ನೂ ಹಿಂದಿನದು, 1992ರ ವಿಂಡೋಸ್ 3.1ರದು. ಹೆಸರು ಹಾಟ್‌ಡಾಗ್ ಸ್ಟ್ಯಾಂಡ್. ಉದ್ದನೆಯ ಬನ್ನಿನೊಳಗೆ ಮಾಂಸದ ಕೊಳವೆ ಇಟ್ಟು, ಮೇಲೆ ಸಾಸಿವೆ, ಟೊಮ್ಯಾಟೊ ಸಾಸು ಸುರಿದು ಮಾರುವ ಗಾಡಿಯ ಬಣ್ಣ. ಹಿನ್ನೆಲೆ ಕಣ್ಣು ಕುಕ್ಕುವ ಹಳದಿ, ಕಿಟಕಿ ಕಡುಕೆಂಪು, ಅದರೊಳಗೆ ಬಿಳಿ ಅಕ್ಷರ. ಅಂದಿನಿಂದ ಇಂದಿನವರೆಗೆ ಕಂಪ್ಯೂಟರ್ ಬಲ್ಲವರೆಲ್ಲ ಇದನ್ನು ಕುರೂಪಕ್ಕೆ ಉದಾಹರಣೆಯಾಗಿ ಎತ್ತಿ ಆಡಿಕೊಂಡಿದ್ದೇ ಆಡಿಕೊಂಡಿದ್ದು. ಅದರ ಚಿತ್ರವನ್ನು ನಾನು ಮೊದಲು ಕಂಡದ್ದು ಸೆಂಟರಿನ ಹಳೆಯ ಇಂಗ್ಲಿಷ್ ಪುಸ್ತಕವೊಂದರಲ್ಲಿ. ಕಂಡ ಕ್ಷಣ ನನಗೆ ಸಾಸಿವೆಯೂ ನೆನಪಾಗಲಿಲ್ಲ, ಸಾಸೂ ನೆನಪಾಗಲಿಲ್ಲ. ನಮ್ಮ ಮನೆಯ ಹೊಸ್ತಿಲು ನೆನಪಾಯಿತು. ಆಮೇಲೆ ಶಾಲೆಯ ಮುಂದಿನ ಕನ್ನಡ ಬಾವುಟ.

1960ರ ದಶಕದಲ್ಲಿ ಆ ಬಾವುಟಕ್ಕೆ ರೂಪ ಕೊಟ್ಟವರು ಮ. ರಾಮಮೂರ್ತಿ. ಪತ್ತೇದಾರಿ ಕಾದಂಬರಿ ಬರೆದ ಕೈ. ಅರಿಷಿಣ, ಕುಂಕುಮ ಎರಡೇ ಸಾಕು ಎಂದರು. ಎಂಥ ಓದು ಬಾರದ ಮುದುಕಿಗೂ ಅರ್ಥವಾಗುವ ಬಾವುಟ. ಒಂದೇ ಬಣ್ಣಜೋಡಿ ಒಂದು ದೇಶದಲ್ಲಿ ತಿಂಡಿಗಾಡಿಯಾಗಿ ನಗೆಗೀಡಾಯಿತು, ಇನ್ನೊಂದು ಕಡೆ ಕಂಬದ ತುದಿಗೇರಿತು. ನನಗೆ ಮೈಕ್ರೋಸಾಫ್ಟ್‌ನವರ ಮೇಲೆ ಅಭಿಮಾನವೇ ಉಕ್ಕಿತು. ಗೊತ್ತಿಲ್ಲದೆಯೂ ಕನ್ನಡದ ಕೆಲಸ ಮಾಡಿದವರನ್ನು ಮರೆಯಬಾರದಲ್ಲ.

ಹೀಗೆ ಒಂದು ಅಕ್ಟೋಬರ್ 31ರ ಸಂಜೆ, ಮರುದಿನ ರಾಜ್ಯೋತ್ಸವವೆಂದು, ನನ್ನ ಪಾಲಿನ ಕಂಪ್ಯೂಟರಿಗೆ ಹಬ್ಬ ಮಾಡಲು ಕೂತೆ. ಡೆಸ್ಕ್‌ಟಾಪಿಗೆ ಹಳದಿ. ಪಟ್ಟಿ, ಮೆನು, ಗುಂಡಿಗಳಿಗೆಲ್ಲ ಕೆಂಪು. ಅಕ್ಷರಗಳಿಗೆ ಹಳದಿ. ಒಂದೊಂದನ್ನೂ ಬೇರೆ ಬೇರೆಯಾಗಿ ಆರಿಸಿ ಬಳಿಯಬೇಕಿತ್ತು. ಮುಗಿಸಿ ಹಿಂದೆ ಸರಿದು ನೋಡಿದೆ, ಚೆಂದವಿತ್ತು. ಅಷ್ಟಕ್ಕೇ ಬಿಡಬೇಕಿತ್ತು. ಬಾವುಟದಲ್ಲಿ ಹಳದಿ ಮೇಲೆ, ಕೆಂಪು ಕೆಳಗೆ ಎಂಬುದು ಆಗ ತಲೆಗೆ ಹೊಳೆಯಿತು. ನನ್ನ ಕಿಟಕಿಯಲ್ಲಿ ಬಾವುಟ ತಲೆಕೆಳಗಾಗಿದೆ! ಅಪಚಾರವಾಯಿತೆಂದು ತಲೆಪಟ್ಟಿ, ಮೆನು, ಗುಂಡಿಗಳನ್ನೆಲ್ಲ ಅವಸರದಲ್ಲಿ ಹಳದಿ ಮಾಡಿ ಅಪ್ಲೈ ಒತ್ತಿದೆ.

ಅಕ್ಷರಗಳು ಮೊದಲೇ ಹಳದಿ ಇದ್ದವು.

ಹಳದಿಯ ಮೇಲೆ ಹಳದಿ. ಕಿಟಕಿಗಳಿಗೆ ಹೆಸರಿಲ್ಲ, ಮೆನುವಿನಲ್ಲಿ ಮಾತಿಲ್ಲ, ಮೂಲೆಯ ಸ್ಟಾರ್ಟ್ ಎಂಬುದೂ ಮಾಯ. ಓಕೆ ಯಾವುದು, ಕ್ಯಾನ್ಸಲ್ ಯಾವುದು ತಿಳಿಯದು. ಬೆಲ್ಲದ ಪಾಕ ಚೆಲ್ಲಿ ಇಡೀ ಪರದೆ ಮುಚ್ಚಿದಂತೆ. ಕಲಿಸುವ ಸರ್ ಬಂದು ಹಿಂದೆ ನಿಂತರು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ತಮ್ಮಾ, ಕನ್ನಡದ ಉದ್ಧಾರ ಆತು. ಇನ್ನ ಕಂಪ್ಯೂಟರಿಂದೂ ಒಂದೀಟು ನೋಡು,” ಎಂದು ಹೋದರು.

ಉಳಿಸಿದ್ದು ಪಕ್ಕದ ಕಂಪ್ಯೂಟರಿನ ಹುಡುಗಿ. ತನ್ನ ಪರದೆಯಲ್ಲಿ ಅದೇ ಪುಟ ತೆರೆದಿಟ್ಟುಕೊಂಡು, ಊರ ದಾರಿ ಹೇಳುವವರಂತೆ ಹೇಳುತ್ತ ಹೋದಳು. “ಮ್ಯಾಲಿನ ಸಾಲಿನಾಗ ಎಡಕ್ಕ ಸರೀರಿ. ಅಲ್ಲೊಂದು ಉದ್ದ ಡಬ್ಬಿ ಬರತೈತಿ, ಅದರ ತುದೀಗೆ ಬಾಣ. ಒತ್ತರಿ. ಕೆಳಗ ಇಳೀರಿ, ಇನ್ನ ಸ್ವಲ್ಪ.” ಕುರುಡನ ಕೈಗೆ ಕೋಲು ಸಿಕ್ಕಂತೆ ನಾನು ಮೌಸ್ ಸರಿಸಿದೆ. ಮೂರನೇ ಸಲಕ್ಕೆ ಹಳೆಯ ಬೂದು ಬಣ್ಣ ಮರಳಿ ಬಂತು. ಅಷ್ಟು ಸುಂದರವಾದ ಬೂದುಬಣ್ಣವನ್ನು ನಾನು ಮತ್ತೆ ಕಂಡಿಲ್ಲ.

ಆಮೇಲಿನ ವರ್ಷಗಳಲ್ಲಿ ಈ ಸ್ವಾತಂತ್ರ್ಯವೇ ಸಣ್ಣಗಾಗುತ್ತ ಬಂತು. 2009ರ ವಿಂಡೋಸ್ 7ರಲ್ಲಿ ಸ್ಟಾರ್ಟರ್ ಎಂಬ ಅಗ್ಗದ ಆವೃತ್ತಿಯೊಂದಿತ್ತು; ಅದರಲ್ಲಿ ಹಿನ್ನೆಲೆಯ ಚಿತ್ರ ಬದಲಿಸಲಿಕ್ಕೂ ಬಿಡುತ್ತಿರಲಿಲ್ಲ, ಬಾಡಿಗೆ ಮನೆಯವರು ಗೋಡೆಗೆ ಮೊಳೆ ಹೊಡೆಯಬೇಡಿ ಎಂದಂತೆ. 2012ರ ವಿಂಡೋಸ್ 8ರ ಹೊತ್ತಿಗೆ ಒಂದೊಂದು ಭಾಗಕ್ಕೂ ಬೇರೆ ಬಣ್ಣ ಬಳಿಯುವ ಆ ಹಳೆಯ ಪುಟವೇ ಹೋಯಿತು. ಇತ್ತ ಬಾವುಟದ ಕಡೆ, 2018ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಹಳದಿ, ಕೆಂಪಿನ ನಡುವೆ ಬಿಳಿ ಪಟ್ಟಿ ಸೇರಿಸಿ, ಅದರಲ್ಲಿ ಗಂಡಭೇರುಂಡ ಇಟ್ಟು ಹೊಸ ನಾಡಧ್ವಜ ತೋರಿಸಿದಾಗ ಉಳಿದವರು ಪರ, ವಿರೋಧ ಮಾತಾಡಿದರು. ನನಗೆ ಹೊಳೆದದ್ದು ಒಂದೇ: ಹಳದಿ, ಕೆಂಪು, ನಡುವೆ ಬಿಳಿ, ಇದು ಪಕ್ಕಾ ಹಾಟ್‌ಡಾಗ್ ಸ್ಟ್ಯಾಂಡ್. ಯಾರ ಮುಂದೆಯೂ ಹೇಳಲಿಲ್ಲ.

“ಕಾಕಾ, ಬಣ್ಣ?” ಹುಡುಗ ಮತ್ತೆ ಕೇಳಿದ.

ಹಬ್ಬದ ದಿನ. ಎದುರಿಗೇ ಹೊಸ್ತಿಲು. “ಹಿಂದಕ್ಕ ಅರಿಷಿಣ, ಅಕ್ಷರಕ್ಕ ಕುಂಕುಮ,” ಎಂದೆ.

ಮಾಡಿದ. ಮಾಡಿ ಮುಖ ಕಿವಿಚಿದ. “ಆಟೋದ ಹಿಂದಿನ ಬೋರ್ಡ್ ಕಂಡಂಗ ಐತಲ್ರಿ ಕಾಕಾ!” ಇದ್ದೀತು. ಸರ್ವೆ ನಂಬರು, ಎಕರೆ, ಗುಂಟೆ, ಅಪ್ಪನ ಹೆಸರು ಎಲ್ಲವೂ ಕೂತಲ್ಲಿಂದಲೇ ಓದಲು ಬಂದವು. ಹಳೆಯ ಬಣ್ಣದ ಪುಟ ಈಗ ಕಣ್ಣು ಸೋತವರ ಕೋಣೆಯಲ್ಲಿ ಅಡಗಿ ಕೂತಿದೆ. ವಯಸ್ಸಾದ ಮೇಲೆ ಅಲ್ಲಿಗೆ ಹಕ್ಕಿನಿಂದಲೇ ಹೋಗಬಹುದು.

ನೀವೂ ಬರುವ ನವೆಂಬರ್ 1ಕ್ಕೆ ಬಳಿದುಕೊಳ್ಳುವವರಿದ್ದರೆ, ಅಪ್ಲೈ ಒತ್ತುವ ಮೊದಲು ಅಕ್ಷರದ ಬಣ್ಣ ಯಾವುದಿದೆ ಎಂದು ಒಮ್ಮೆ ನೋಡಿಕೊಳ್ಳಿ.