ತೊಂಬತ್ತೇಳಕ್ಕೆ ಗಿರಗಿಟ್ಲೆ

ಜಪಾನಿನ ಒಕಿನಾವಾ ದ್ವೀಪದ ನಾಹಾ ನಗರದಿಂದ 58ನೇ ಹೆದ್ದಾರಿ ಹಿಡಿದು ಉತ್ತರಕ್ಕೆ ಹೊರಟರೆ ಅಮೆರಿಕದ ಸೇನಾನೆಲೆಗಳ ತಂತಿಬೇಲಿ ಬಹಳ ಹೊತ್ತು ಜೊತೆಗೇ ಬರುತ್ತದೆ. ಅದು ಮುಗಿದ ಮೇಲೆ ಒಂದು ಕಡೆ ಗುಡ್ಡ, ಇನ್ನೊಂದು ಕಡೆ ತಿಳಿಹಸಿರು ಕಡಲು. ಎರಡು ತಾಸಿನ ದಾರಿ ಸವೆದು ಒಗಿಮಿ ಬಂತು. ಸುಮಾರು 3,000 ಜನರ ಹಳ್ಳಿ. ಜಪಾನಿನಲ್ಲೇ ಅತಿ ಹೆಚ್ಚು ಬಾಳುವವರ ಊರು ತಾನೆಂದು 1993ರಲ್ಲಿ ತಾನೇ ಸಾರಿಕೊಂಡಿತು. ದಂಡೆಯಲ್ಲೊಂದು ಕಲ್ಲು ನಿಲ್ಲಿಸಿದ್ದಾರೆ. ಎಂಬತ್ತಾದವರು ಇನ್ನೂ ಎಳೆಯರು, ತೊಂಬತ್ತಕ್ಕೆ ಮೇಲಿನಿಂದ ಕರೆ ಬಂದರೆ ನೂರಾಗಲಿ ತಡೆಯಿರಿ ಅನ್ನಬೇಕು ಎಂಬ ಧಾಟಿಯ ಬರಹ ಅದರ ಮೇಲಿದೆ. ಬಂದವರೆಲ್ಲ ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನಾನೂ ತೆಗೆಸಿಕೊಂಡೆ.

ಏನು ತಿಂದು ಇಷ್ಟು ಬಾಳುತ್ತಾರೆ ಎಂಬ ಪ್ರಶ್ನೆ ಈ ಊರನ್ನು ಲೋಕಪ್ರಸಿದ್ಧ ಮಾಡಿದೆ. ಇಲ್ಲಿನ ಊಟ ನಮಗೇನೂ ಹೊಸದಲ್ಲ. ಹಾಗಲಕಾಯಿ, ಗೆಣಸು, ಸೊಪ್ಪು, ತೋಫು, ಹಿತ್ತಲಿನ ಪುಟ್ಟ ಹುಳಿ ಕಿತ್ತಳೆ ಶೀಕುವಾಸಾ. ಬಿರುಗಾಳಿ ಬತ್ತವನ್ನು ಮಲಗಿಸಿಬಿಡುವ ಈ ದ್ವೀಪದಲ್ಲಿ ಎರಡನೇ ಮಹಾಯುದ್ಧಕ್ಕೆ ಮುಂಚೆ ಬಡವರ ಹೊಟ್ಟೆ ತುಂಬಿಸುತ್ತಿದ್ದುದು ಗೆಣಸು. ಅದನ್ನೀಗ ಆಯುಷ್ಯದ ಗುಟ್ಟೆಂದು ಪುಸ್ತಕ ಬರೆದು ಮಾರುತ್ತಾರೆ. ಗೆಣಸಿಗೂ ಒಂದು ಕಾಲ ಬರುತ್ತದೆ, ಬಿಡಿ.

ನನ್ನ ಕಣ್ಣು ನಿಂತದ್ದು ಕಿಜೊಕಾ ಎಂಬ ಕೇರಿಯಲ್ಲಿ. ಅಲ್ಲಿ ಬಾಳೆಯ ಜಾತಿಯ ಗಿಡದ ನಾರಿನಿಂದ ಬಟ್ಟೆ ನೇಯುತ್ತಾರೆ. ಬಾಶೋಫು ಅಂತ ಅದರ ಹೆಸರು. ಒಂದು ಕಿಮೋನೊಗೆ ಸುಮಾರು 200 ಗಿಡ ಬೇಕು. ಎಳೆಗೆ ಎಳೆ ಗಂಟು ಹಾಕಿ ನೂಲು ಮಾಡುವ ಕೆಲಸ ವಯಸ್ಸಾದ ಹೆಂಗಸರದು. ಯುದ್ಧದಲ್ಲಿ ಹಾಳಾಗಿದ್ದ ಈ ನೇಯ್ಗೆಯನ್ನು ಮತ್ತೆ ಎಬ್ಬಿಸಿದ ತಾಯಿರಾ ತೋಶಿಕೊ 2022ರಲ್ಲಿ 101ನೇ ವಯಸ್ಸಿನಲ್ಲಿ ತೀರಿಕೊಂಡರು. ಒಂದು ಮನೆಯ ಜಗುಲಿಯಲ್ಲಿ ಅಜ್ಜಿಯೊಬ್ಬರು ನಾರು ಸೀಳುತ್ತಿದ್ದರು. ಎಷ್ಟು ವಯಸ್ಸಾಯಿತು ಎಂದು ಜೊತೆಯವನ ಮೂಲಕ ಕೇಳಿಸಿದೆ. ಅವರು ತಲೆ ಎತ್ತದೆ, "ನಾನು ಹುಟ್ಟಿದ್ದು ಹಾವಿನ ವರ್ಷ, ನೀವೇ ಲೆಕ್ಕ ಹಾಕಿಕೊಳ್ಳಿ" ಅಂದರು.

ಲೆಕ್ಕ ಇರುವುದೇ ಅಲ್ಲಿ. ಹನ್ನೆರಡು ಪ್ರಾಣಿಗಳ ಹೆಸರಿನ ಹನ್ನೆರಡು ವರ್ಷಗಳ ಚಕ್ರ ಇವರದು. ಹುಟ್ಟಿದೊಡನೆ ಒಂದು ವರ್ಷ ಎಂದು ಎಣಿಸುವುದರಿಂದ 13, 25, 37 ಹೀಗೆ ಈ ವಯಸ್ಸುಗಳಲ್ಲಿ ಹುಟ್ಟಿದ ಪ್ರಾಣಿಯ ವರ್ಷ ಮರಳುತ್ತದೆ. ಮರಳಿದ ವರ್ಷ ಕೇಡಿನ ವರ್ಷವೆಂದು ನಂಬಿಕೆ. ಹಾಗಾಗಿ ಆ ವಯಸ್ಸುಗಳಿಗೆ ಮಾಡುವ ಹಬ್ಬಗಳೆಲ್ಲ ಮೂಲದಲ್ಲಿ ದೋಷ ಕಳೆಯುವ ಹಬ್ಬಗಳು. 61ನೆಯದರ ಬಗ್ಗೆ ಕೇಳಿದಾಗ ನಮ್ಮ ಷಷ್ಟಿಪೂರ್ತಿ ಶಾಂತಿ ನೆನಪಾಯಿತು. ನಮ್ಮಲ್ಲೂ ಅಷ್ಟೆ, ಹೂವಿನ ಹಾರದ ಹಿಂದೆ ಒಂದು ಅಂಜಿಕೆ ಇದ್ದೇ ಇದೆ.

97ರ ಹಬ್ಬಕ್ಕೆ ಕಾಜಿಮಾಯಾ ಎಂದು ಹೆಸರು. ಆ ಮಾತಿಗೆ ಗಿರಗಿಟ್ಲೆ ಎಂದೂ ಅರ್ಥ, ದಾರಿಗಳು ಕೂಡುವ ಚೌಕ ಎಂದೂ ಅರ್ಥ. ಚಾಂದ್ರಮಾನದ ಒಂಬತ್ತನೇ ತಿಂಗಳ ಏಳನೇ ದಿನ, ಬಣ್ಣದ ಗಿರಗಿಟ್ಲೆಗಳಿಂದ ಸಿಂಗರಿಸಿದ ತೆರೆದ ಗಾಡಿಯಲ್ಲಿ ಹಿರಿಯರನ್ನು ಕೂರಿಸಿ ಊರೆಲ್ಲ ಮೆರವಣಿಗೆ ಮಾಡುತ್ತಾರೆ. ಅಷ್ಟು ವಯಸ್ಸಾದವರು ಮತ್ತೆ ಮಗುವಾದರು, ಆಟಿಕೆ ಕೊಡಿ ಎಂಬ ಭಾವ. ನಾನು ನೋಡಿದ ಗಾಡಿ ಬಹಳ ನಿಧಾನಕ್ಕೆ ಸಾಗುತ್ತಿತ್ತು. ಅದರಲ್ಲಿದ್ದ ಅಜ್ಜಿ ಕೈಯ ಗಿರಗಿಟ್ಲೆಯನ್ನು ಗಾಳಿಗೆ ಹಿಡಿಯುವುದು ಮರೆತು ನಿದ್ದೆ ಹೋಗಿದ್ದರು. ಜನ ಓಡಿ ಬಂದು ಅವರ ಕೈ ಮುಟ್ಟುತ್ತಿದ್ದರು, ಆ ಆಯುಷ್ಯ ತಮಗೂ ಅಂಟಲಿ ಎಂದು. ನಾನೂ ಮುಟ್ಟಿದೆ. ಒಣಗಿದ ನಾರಿನ ಹಾಗಿತ್ತು.

ಹಳೆಯ ಕಾಲದ ಕಾಜಿಮಾಯಾ ಇಷ್ಟು ಬಣ್ಣದ್ದಾಗಿರಲಿಲ್ಲವಂತೆ. ಕೆಲವು ಊರುಗಳಲ್ಲಿ ಹಬ್ಬದ ಹಿಂದಿನ ರಾತ್ರಿ ಹಿರಿಯರಿಗೆ ಹೆಣದ ಬಟ್ಟೆ ತೊಡಿಸಿ ಮಲಗಿಸಿ, ತಲೆದೆಸೆಗೆ ಸತ್ತವರಿಗೆ ಇಡುವ ಅನ್ನ ಇಡುತ್ತಿದ್ದರು. ಬದುಕಿರುವಾಗಲೇ ಸಾವಿನ ಅಣಕು. ಆಮೇಲೆ ಏಳು ಸೇತುವೆ, ಏಳು ಚೌಕ ದಾಟಿಸುವುದು. ದೀರ್ಘಾಯುಷ್ಯವನ್ನು ಜನ ಬರೀ ಹರಸುವುದಿಲ್ಲ, ಅದಕ್ಕೆ ಹೆದರುತ್ತಾರೆ ಕೂಡ ಎಂಬುದನ್ನು ನನಗೆ ಇಷ್ಟು ನೇರವಾಗಿ ಹೇಳಿದ್ದು ಈ ಒಂದು ಆಚರಣೆ. ಇವತ್ತು 97 ಮುಟ್ಟಿದವರು 1945ರ ಯುದ್ಧವನ್ನು ಕಣ್ಣಾರೆ ಕಂಡವರು. ಆ ಕೆಲವೇ ತಿಂಗಳಲ್ಲಿ ದ್ವೀಪದ ನಾಲ್ವರಲ್ಲಿ ಒಬ್ಬರು ಸತ್ತರು. ಅಂಥವರಿಗೆ ಅಣಕು ಸಾವೇಕೆ ಎಂದು ಯಾರಿಗಾದರೂ ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

ದ್ವೀಪದ ಮೊಮ್ಮಕ್ಕಳ ಕತೆ ಬೇರೆ. 1985ರಲ್ಲಿ ಆಯುಷ್ಯದಲ್ಲಿ ಜಪಾನಿಗೇ ಮೊದಲಿದ್ದ ಒಕಿನಾವಾದ ಗಂಡಸರು 2020ರ ಹೊತ್ತಿಗೆ 47 ಪ್ರಾಂತಗಳಲ್ಲಿ 43ನೆಯವರು. ಬರ್ಗರ್ ಅಂಗಡಿಗಳು ಹೆದ್ದಾರಿಯ ಉದ್ದಕ್ಕೂ ಇವೆ.

ಸರಕಾರಕ್ಕೂ ನೂರು ಮುಟ್ಟಿದವರ ಮೇಲೆ ಗೌರವವಿದೆ. 1963ರಲ್ಲಿ ದೇಶದಲ್ಲಿ ಅಂಥವರು 153 ಜನ ಇದ್ದಾಗ ಪ್ರಧಾನಿಯ ಹೆಸರಿನಲ್ಲಿ ಬೆಳ್ಳಿಯ ಬಟ್ಟಲು ಕೊಡುವ ಪದ್ಧತಿ ಶುರುವಾಯಿತು. 2024ರಲ್ಲಿ ಅವರ ಸಂಖ್ಯೆ 95,119. ಬಟ್ಟಲು ಈಗಲೂ ಕೊಡುತ್ತಾರೆ. 2016ರಿಂದ ಅದಕ್ಕೆ ಬೆಳ್ಳಿಯ ಲೇಪ ಮಾತ್ರ.