ಬಡ್ಡಿಯಿಲ್ಲದ ವಿದ್ಯೆ, ಬರೆದುಕೊಡುವ ಮಾತು

ಅಮೆರಿಕದಲ್ಲಿ ನೆಲೆಸಿರುವ ನಮ್ಮಂತಹ ಕನ್ನಡ ಮುಸ್ಲಿಮ್ ಕುಟುಂಬಗಳಲ್ಲಿ ಮಕ್ಕಳು ಹೈಸ್ಕೂಲು ಮುಗಿಸುವ ಹೊತ್ತಿಗೆ ಒಂದು ಚಿಂತೆ ತಪ್ಪದೆ ಮನೆ ಹೊಕ್ಕುತ್ತದೆ. ಇಲ್ಲಿ ಕಾಲೇಜಿನ ಶುಲ್ಕ ತೆರಲು ರೂಢಿಯಲ್ಲಿರುವ ದಾರಿ ಸಾಲ, ಸಾಲವೆಂದರೆ ಬಡ್ಡಿ. ಸರಕಾರವೇ ನೀಡುವ ವಿದ್ಯಾರ್ಥಿ ಸಾಲವೂ ಇದಕ್ಕೆ ಹೊರತಲ್ಲ. ಅನಿವಾರ್ಯವೆಂದು ಅದನ್ನು ಪಡೆದವರಿದ್ದಾರೆ. ಅವರನ್ನು ದೂರುವ ಅಧಿಕಾರ ನಮಗಿಲ್ಲ. ನಾವು ಪತಿಪತ್ನಿಯರು ಮಾತ್ರ ಮಗಳ ವಿದ್ಯೆಗೆ ಬಡ್ಡಿಯ ಹಣ ಬೇಡವೆಂದು ಮೊದಲೇ ನಿಶ್ಚಯಿಸಿದ್ದೆವು. ಎರಡು ವರ್ಷ ಮನೆಯ ಸಮೀಪದ, ಶುಲ್ಕ ಕಡಿಮೆಯಿರುವ ಸಮುದಾಯ ಕಾಲೇಜಿನಲ್ಲಿ ಓದಿಸಿದೆವು. ಮುಂದಿನ ಎರಡು ವರ್ಷಕ್ಕೆಂದು ಕೂಡಿಟ್ಟ ಹಣ ಸಾಕಾಗದೆಂಬುದು ಸ್ಪಷ್ಟವಾಗಿದ್ದಾಗ, ಮಗಳೇ ಒಂದು ವಿದ್ಯಾರ್ಥಿವೇತನದ ವಿವರ ತಂದು ನಮ್ಮ ಮುಂದಿಟ್ಟಳು.

ಅದರ ಹೆಸರು ‘ಸೈಬರ್‌ಕೋರ್: ಸ್ಕಾಲರ್‌ಶಿಪ್ ಫಾರ್ ಸರ್ವಿಸ್’. ಇಲ್ಲಿನ ನ್ಯಾಷನಲ್ ಸೈನ್ಸ್ ಫೌಂಡೇಶನ್ ಇದನ್ನು ನಡೆಸುತ್ತದೆ. ಸೈಬರ್ ಭದ್ರತೆಯನ್ನು ಓದುವ ವಿದ್ಯಾರ್ಥಿಗೆ ಗರಿಷ್ಠ 3 ವರ್ಷಗಳ ಪೂರ್ಣ ಶುಲ್ಕ ದೊರೆಯುತ್ತದೆ. ಅದರ ಮೇಲೆ ಪದವಿ ವಿದ್ಯಾರ್ಥಿಗೆ ವರ್ಷಕ್ಕೆ 27,000 ಡಾಲರ್, ಸ್ನಾತಕೋತ್ತರ ವಿದ್ಯಾರ್ಥಿಗೆ 37,000 ಡಾಲರ್ ಜೀವನವೆಚ್ಚ. ಅಮೆರಿಕದ ಪೌರರು ಅಥವಾ ಗ್ರೀನ್ ಕಾರ್ಡ್ ಹೊಂದಿದವರು ಮಾತ್ರ ಅರ್ಹರು. ಊರಿನಿಂದ ವಿದ್ಯಾರ್ಥಿ ವೀಸಾದಲ್ಲಿ ಬಂದ ಮಕ್ಕಳಿಗೆ ಇದು ದೊರೆಯದು. ಬಂಧುಗಳು ಕೇಳುತ್ತಿರುವುದರಿಂದ ಇದನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಅರ್ಜಿಯನ್ನು ಫೌಂಡೇಶನ್‌ಗಲ್ಲ, ಯೋಜನೆಯಲ್ಲಿ ಸೇರಿರುವ ವಿಶ್ವವಿದ್ಯಾಲಯಕ್ಕೆ ಸಲ್ಲಿಸಬೇಕು.

ಇದಕ್ಕೆ ಪ್ರತಿಯಾಗಿ ವಿದ್ಯಾರ್ಥಿಯು ಒಂದು ಮಾತು ಬರೆದುಕೊಡಬೇಕು. ಎಷ್ಟು ವರ್ಷ ವೇತನ ಪಡೆದಳೋ ಅಷ್ಟೇ ವರ್ಷ ಸರಕಾರಿ ಸೇವೆ ಸಲ್ಲಿಸಬೇಕು. ಹೆಚ್ಚಿನವರು ಕೇಂದ್ರ ಸರಕಾರದ ಇಲಾಖೆಗಳಿಗೆ ಹೋಗುತ್ತಾರೆ. ರಾಜ್ಯ ಮತ್ತು ಸ್ಥಳೀಯ ಆಡಳಿತಗಳಲ್ಲಿ ಸೀಮಿತ ಅವಕಾಶವಿದೆ. ಸೇವೆ ಸಲ್ಲಿಸದಿದ್ದರೆ ಪಡೆದ ಹಣ ಸಾಲವಾಗಿ ಮಾರ್ಪಡುತ್ತದೆ, ಬಡ್ಡಿ ಸಹಿತ ತೀರಿಸಬೇಕಾದ ಸಾಲ.

ಆ ವಾಕ್ಯದ ಮುಂದೆ ನಾವು ಬಹಳ ಹೊತ್ತು ಕುಳಿತೆವು. ಯಾವುದರಿಂದ ದೂರವಿರಲು ಇಷ್ಟು ದೂರ ನಡೆದು ಬಂದಿದ್ದೆವೋ ಅದೇ ಒಪ್ಪಂದದ ಕೊನೆಯಲ್ಲಿ ಕಾದು ಕುಳಿತಿತ್ತು.

ನಮ್ಮ ಮಸೀದಿಯ ಇಮಾಮರಲ್ಲಿ ವಿಚಾರಿಸಿದೆವು. ಅವರು ಒಡನೆಯೇ ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಕೊಟ್ಟ ಮಾತನ್ನು ಉಳಿಸಿಕೊಳ್ಳುವುದು ನಿಮ್ಮ ಕೈಯಲ್ಲಿದೆಯೇ ಎಂದು ಕೇಳಿದರು. ಸೂರಃ ಅಲ್ ಮಾಇದಃ ಆರಂಭವಾಗುವುದೇ ಕರಾರುಗಳನ್ನು ಪಾಲಿಸಬೇಕೆಂಬ ಆದೇಶದಿಂದ. ಪಾಲಿಸುವ ಇಚ್ಛೆ ಮಗಳಿಗಿತ್ತು. ಆದರೆ ಉದ್ಯೋಗವನ್ನು ಸರಕಾರ ತಟ್ಟೆಯಲ್ಲಿಟ್ಟು ಕೊಡುವುದಿಲ್ಲ. ಪದವಿಯ ನಂತರ ವಿದ್ಯಾರ್ಥಿಯೇ ಹುಡುಕಿಕೊಳ್ಳಬೇಕು, ಅದಕ್ಕೆ 18 ತಿಂಗಳ ಕಾಲಾವಕಾಶ. 2025ರ ಜನವರಿ 20ರಂದು ಕೇಂದ್ರ ಸರಕಾರದ ನಾಗರಿಕ ನೇಮಕಾತಿಯನ್ನೇ ಸ್ಥಗಿತಗೊಳಿಸಲಾಯಿತು. ಕೆಲಸದ ಆಹ್ವಾನ ಪಡೆದಿದ್ದ ಹಲವರಿಗೆ ಅದು ರದ್ದಾಯಿತು. ಈ ವಿದ್ಯಾರ್ಥಿವೇತನದಲ್ಲಿ ಓದಿದ ಮಕ್ಕಳು, ಸೇವೆಗೆ ಸಿದ್ಧರಾಗಿದ್ದೂ, ತಮ್ಮ ತಲೆಯ ಮೇಲೆ ಸಾಲ ಬೀಳುವುದೇ ಎಂದು ಕಳವಳಪಟ್ಟರು. ಮಾತು ಕೊಟ್ಟವರು ಬಾಗಿಲಲ್ಲಿ ನಿಂತಿದ್ದಾರೆ, ಮಾತು ಪಡೆದವರು ಬಾಗಿಲು ತೆರೆಯುತ್ತಿಲ್ಲ. ಇದಕ್ಕಿಂತ ವಿಚಿತ್ರವಾದ ಕರಾರನ್ನು ನಾವು ಕಂಡಿಲ್ಲ.

ಇಮಾಮರ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ಎರಡು ವಾರ ಹಿಡಿಯಿತು. ಮಗಳು ಮನೆಯಿಂದಲೇ ಓಡಾಡಿ ಓದಬಲ್ಲಳು. ಹಾಗಾದರೆ ಜೀವನವೆಚ್ಚಕ್ಕೆ ಬರುವ ಹಣದ ಹೆಚ್ಚಿನ ಪಾಲನ್ನು ಮುಟ್ಟಬೇಕಿಲ್ಲ. ಶುಲ್ಕಕ್ಕೆಂದು ನಾವು ಕೂಡಿಟ್ಟದ್ದೂ ಹಾಗೆಯೇ ಉಳಿಯುತ್ತದೆ. ಇವೆರಡನ್ನೂ ಅಮಾನತ್ತೆಂದು ಪ್ರತ್ಯೇಕವಾಗಿಡುವುದು. ಅವಳ ಸೇವೆಯ ಕೊನೆಯ ದಿನ ಮುಗಿಯುವವರೆಗೆ ಅದು ನಮ್ಮದಲ್ಲ. ಮಾತು ಮುರಿದುಬೀಳುವ ಸ್ಥಿತಿ ಬಂದರೆ ಮರುಪಾವತಿಗೆ ಹಣ ಸಿದ್ಧವಿರಬೇಕು, ಕಡಿಮೆ ಬಿದ್ದದ್ದನ್ನು ಕಾರು ಮಾರಿಯಾದರೂ ಕೂಡಿಸುವುದು. ಈ ಲೆಕ್ಕವನ್ನು ಕಾಗದದಲ್ಲಿ ಬರೆದು ಮೂವರೂ ಸಹಿ ಹಾಕಿದೆವು. ಸಾಲದ ವ್ಯವಹಾರವನ್ನು ಬರೆದಿಡಬೇಕೆಂಬ ಸೂಕ್ತವೇ ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತವಷ್ಟೆ. ಇಮಾಮರು ಕಾಗದವನ್ನು ಓದಿ, ಇಸ್ತಿಖಾರಃ ನಮಾಝ್ ನಿರ್ವಹಿಸಿ ಮುಂದುವರಿಯಿರಿ ಎಂದರು.

ನಂತರದ ತೊಡಕು ಅನಿರೀಕ್ಷಿತವಾದುದು. ಅರ್ಜಿಯೊಂದಿಗೆ ತನ್ನ ಬಗ್ಗೆ ಒಂದು ಪ್ರಬಂಧ ಬರೆಯಬೇಕಿತ್ತು. ಮಗಳು ಬರೆದ ಮೊದಲ ಪ್ರತಿಯಲ್ಲಿ ಅವಳೇ ಇರಲಿಲ್ಲ! ಅಧ್ಯಾಪಕರು ಕಲಿಸಿದರು, ಗೆಳತಿಯರು ನೆರವಾದರು ಎಂದಷ್ಟೇ ಇತ್ತು. ತನ್ನನ್ನು ತಾನು ಹೊಗಳಿಕೊಳ್ಳಬಾರದೆಂದು ಚಿಕ್ಕಂದಿನಿಂದ ಕಲಿಸಿದವರು ನಾವೇ. ಅದು ತಪ್ಪೆಂದು ಈಗಲೂ ಅನಿಸುವುದಿಲ್ಲ. ಆಗ ಅವಳಿಗೆ ಪ್ರವಾದಿ ಯೂಸುಫ್(ಅ)ರ ವೃತ್ತಾಂತವನ್ನು ನೆನಪಿಸಿದೆವು. ಈಜಿಪ್ಟಿನ ದೊರೆಯೆದುರು ನಿಂತು ಭಂಡಾರಗಳ ಹೊಣೆಯನ್ನು ತನಗೆ ವಹಿಸುವಂತೆ ಕೇಳುವಾಗ ಅವರು ತಮ್ಮ ಎರಡು ಅರ್ಹತೆಗಳನ್ನು ಹೇಳಿದರು: ತಾನು ಕಾಪಾಡಬಲ್ಲವನು, ತಿಳಿವಳಿಕೆಯುಳ್ಳವನು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಬರಗಾಲದಲ್ಲಿ ಜನರ ಅನ್ನ ಉಳಿಯಬೇಕಿದ್ದಾಗ ಅದನ್ನು ಹೇಳದಿರುವುದು ವಿನಯವಾಗುತ್ತಿರಲಿಲ್ಲ. ಮಗಳು ಎರಡನೆಯ ಪ್ರತಿಯಲ್ಲಿ ಮಸೀದಿಯ ಸದಸ್ಯರ ಪಟ್ಟಿಯಿದ್ದ ಕಂಪ್ಯೂಟರನ್ನು ತಾನು ಹೇಗೆ ಭದ್ರಪಡಿಸಿದೆನೆಂದು ಬರೆದಳು.

ಬಂಧುಗಳ ಆಕ್ಷೇಪ ಬೇರೆಯೇ ಬಗೆಯದು. 2001ರ ನಂತರ ನಮ್ಮವರ ಮೇಲೆ ಕಣ್ಣಿಟ್ಟ ಸರಕಾರಕ್ಕೆ ನಮ್ಮದೇ ಹುಡುಗಿಯನ್ನು ಕೊಡುವುದೇ ಎಂದು ಆಪ್ತರೊಬ್ಬರು ಖಾರವಾಗಿಯೇ ಕೇಳಿದರು. ಆ ಮಾತನ್ನು ತಳ್ಳಿಹಾಕಲಾಗದು. ಆ ವರ್ಷಗಳ ಭಯ ಇಲ್ಲಿ ಬಾಳಿದವರಿಗೆ ಗೊತ್ತು. ಮಗಳು ಹೇಳಿದ್ದು ಇಷ್ಟು: “ಚಿಕ್ಕಪ್ಪಾ, ಕಿಟಕಿಯಲ್ಲಿ ಇಣುಕುವವರು ಬೇರೆ, ಬಾಗಿಲಿಗೆ ಬೀಗ ಹಾಕುವವರು ಬೇರೆ. ನಾನು ಕಲಿಯುತ್ತಿರುವುದು ಬೀಗದ ಕೆಲಸ.” 2015ರಲ್ಲಿ ಅಮೆರಿಕದ ಸಿಬ್ಬಂದಿ ನಿರ್ವಹಣಾ ಕಚೇರಿಯಿಂದ 2 ಕೋಟಿ 15 ಲಕ್ಷ ಜನರ ಖಾಸಗಿ ವಿವರಗಳು ಕಳವಾದುದು ಬಹಿರಂಗವಾಯಿತು, 56 ಲಕ್ಷ ಮಂದಿಯ ಬೆರಳಚ್ಚು ಸಹಿತ. ಉದ್ಯೋಗಕ್ಕೆಂದು ನಂಬಿ ತಮ್ಮ ಬಾಳನ್ನೇ ಬರೆದುಕೊಟ್ಟವರು ಅವರಲ್ಲಿದ್ದರು. ಕಚೇರಿಯ ಬೀಗ ಸಡಿಲವಿತ್ತು. ಇಂತಹ ಕೆಲಸವನ್ನು ಬಿಟ್ಟು ಬೇರೆ ಬಗೆಯದನ್ನು ಒಪ್ಪಲಾರೆ, ಸಾಧ್ಯವಾದರೆ ಯಾವುದಾದರೂ ಜಿಲ್ಲಾಡಳಿತದಲ್ಲಿ ಸೇವೆ ಸಲ್ಲಿಸುವೆ ಎಂಬುದು ಅವಳ ನಿಲುವು. ಆಪ್ತರು ಒಪ್ಪಲಿಲ್ಲ. ಮುಂದಿನ ಶುಕ್ರವಾರ ಜುಮಾ ಮುಗಿಸಿ ಊಟಕ್ಕೆ ಮಾತ್ರ ಬಂದರು.

ಅರ್ಜಿ ಈಗ ವಿಶ್ವವಿದ್ಯಾಲಯದಲ್ಲಿದೆ, ಫಲಿತಾಂಶ ಬಂದಿಲ್ಲ. ಆಯ್ಕೆಯಾಗಿ ಕೆಲಸವೂ ದೊರೆತರೆ ಹಿನ್ನೆಲೆ ಪರಿಶೀಲನೆ ಇರುತ್ತದೆ. ರಾಷ್ಟ್ರೀಯ ಭದ್ರತೆಯ ಹುದ್ದೆಗಳಿಗೆ ತುಂಬಬೇಕಾದ ಎಸ್‌ಎಫ್-86 ಎಂಬ ನಮೂನೆಯು ವಾಸವಿದ್ದ ವಿಳಾಸಗಳನ್ನು, ಮಾಡಿದ ವಿದೇಶ ಪ್ರಯಾಣಗಳನ್ನು, ಬೇರೆ ದೇಶದಲ್ಲಿರುವ ಆತ್ಮೀಯರ ವಿವರಗಳನ್ನು ಕೇಳುತ್ತದೆ. ಮಗಳು ಈಗಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡತೊಡಗಿದ್ದಾಳೆ. ಕಳೆದ ವಾರ ಉಡುಪಿಯಲ್ಲಿರುವ ಅಜ್ಜಿಗೆ ಫೋನ್ ಮಾಡಿ ಜನ್ಮದಿನಾಂಕ ಕೇಳಿದಳು. ದಿನಾಂಕ ಅಜ್ಜಿಗೆ ಗೊತ್ತಿಲ್ಲ; ದೊಡ್ಡ ಮಳೆಗೆ ಹೊಳೆ ಅಂಗಳಕ್ಕೆ ಬಂದಿದ್ದ ವರ್ಷ, ರಮಝಾನಿಗೆ ಮೊದಲು ಎಂದರು. ಮಗಳು ಅದನ್ನು ಹಾಗೆಯೇ ಬರೆದುಕೊಂಡಿದ್ದಾಳೆ.