ಬೋಟ್ ಕಥೆ 4: ಬೂಸ್ಟ್ ಇಳಿದ್ರೆ ಮೊದಲೇ ಟರ್ಬೋಗೆ ಬೈಬೇಡಿ

ಎರಡನೇ ಫೋಟೋಗೆ ಸ್ವೈಪ್ ಮಾಡಿ. ನಮ್ಮ ಮಲ್ಪೆ ಬೋಟಿನ ಇಂಜಿನ್ ಮೇಲೆ ಬಸವನಹುಳು ಥರ ಸುತ್ತಿಕೊಂಡಿದೆಯಲ್ಲ, ಅದೇ ಟರ್ಬೋ. ಇಂಜಿನ್ ಉಗುಳುವ ಬಿಸಿ ಹೊಗೆ ಒಂದು ಚಕ್ರ ತಿರುಗಿಸುತ್ತೆ. ಅದೇ ಶಾಫ್ಟಿನ ಇನ್ನೊಂದು ಚಕ್ರ ಗಾಳಿಯನ್ನು ಒತ್ತಿ ಇಂಜಿನ್‌ಗೆ ತುಂಬುತ್ತೆ. ಆ ಒತ್ತಡವೇ ಬೂಸ್ಟ್. ಗೇಜ್ 1 ಬಾರ್ ತೋರಿಸಿದ್ರೆ ಹೊರಗಿನ ಗಾಳಿಗಿಂತ ಸುಮಾರು ಎರಡು ಪಟ್ಟು ಒತ್ತಡ ಅಂತ ಅರ್ಥ.

ಅದು ಇಳಿದ್ರೆ? ಡೀಸೆಲ್ ಹೋಗ್ತಾನೇ ಇರುತ್ತೆ, ಸುಡೋಕೆ ಗಾಳಿ ಸಾಲಲ್ಲ. ಕಪ್ಪು ಹೊಗೆ. ಬಲೆ ಎಳೆಯುವಾಗ ಆರ್‌ಪಿಎಂ ಏರಲ್ಲ. ನಮ್ಮಲ್ಲಿ ಡೀಸೆಲ್, ಐಸ್ ಖರ್ಚು ಕಳೆದು ಉಳಿದದ್ದರಲ್ಲೇ ಎಲ್ಲರ ಪಾಲು. ಅಂದ್ರೆ ಆ ಹೊಗೆಯಲ್ಲಿ ಹೋಗ್ತಿರೋದು ಕಲಾಸಿಗಳ ಮನೆ ದುಡ್ಡು ಮಾರಾಯ್ರೆ.

ಕಳೆದ ಸೀಸನ್‌ನಲ್ಲಿ ಒಬ್ಬ ಮೆಕ್ಯಾನಿಕ್ ಬಂದವರೇ "ಟರ್ಬೋ ಹೋಗಿದೆ, ಹೊಸದು ಹಾಕಿ" ಅಂದ್ರು. ಅಪ್ಪ ಒಪ್ಪಲಿಲ್ಲ. "ಕಡಿಮೆ ಖರ್ಚಿನದ್ದು ಮೊದಲು ನೋಡುವ" ಅಂದ್ರು. ಇದಕ್ಕಿಂತ ಒಳ್ಳೆ ಕಾಸ್ಟಿಂಗ್ ಪಾಠ ಬಿಕಾಂನಲ್ಲಿ ನನಗಿನ್ನೂ ಸಿಕ್ಕಿಲ್ಲ.

ಅಪ್ಪನ ಆರ್ಡರ್ ಇದು, ಸೇವ್ ಮಾಡ್ಕೊಳ್ಳಿ:

1. ಗೇಜ್ ಸರಿಯಿದೆಯಾ, ಅದರ ಸಣ್ಣ ಪೈಪ್ ಕಟ್ಟಿದೆಯಾ? ಲೋಡ್ ಇಲ್ಲದೆ ಬೂಸ್ಟ್ ಬರೋದೇ ಇಲ್ಲ, ಬಲೆ ಎಳೆಯುವಾಗಲೇ ನೋಡಿ.
2. ಏರ್ ಫಿಲ್ಟರ್. ಇಂಜಿನ್ ರೂಮಿಗೆ ಗಾಳಿ ಬರುವ ದಾರಿ.
3. ಟರ್ಬೋದಿಂದ ಇಂಜಿನ್‌ವರೆಗಿನ ಹೋಸ್, ಕ್ಲಾಂಪ್. ಇಂಜಿನ್ ನಿಲ್ಲಿಸಿ, ಕಡಿಮೆ ಒತ್ತಡದ ಗಾಳಿ ಬಿಟ್ಟು, ಸೋಪು ನೀರು ಹಚ್ಚಿ. ಗುಳ್ಳೆ ಬಂದಲ್ಲಿ ಲೀಕ್.
4. ಆಫ್ಟರ್‌ಕೂಲರ್. ಎಣ್ಣೆ, ಧೂಳು ಅಂಟಿದ್ರೆ ಗಾಳಿ ದಾಟಲ್ಲ.
5. ಎಕ್ಸಾಸ್ಟ್ ಜಾಯಿಂಟ್‌ನಲ್ಲಿ ಮಸಿ ಗೆರೆ ಇದೆಯಾ? ಟರ್ಬೋ ತಿರುಗಿಸಬೇಕಾದ ಹೊಗೆ ಅಲ್ಲೇ ಸೋರಿ ಹೋಗ್ತಿದೆ.
6. ಕೊನೆಗೆ ಟರ್ಬೋ. ಇಂಜಿನ್ ತಣ್ಣಗಾದ ಮೇಲೆ ಚಕ್ರ ಕೈಯಲ್ಲಿ ತಿರುಗಿಸಿ. ಕವಚಕ್ಕೆ ಉಜ್ಜುತ್ತಾ? ರೆಕ್ಕೆ ಮುರಿದಿದೆಯಾ?

ಇನ್ನೊಂದು ಗುಟ್ಟು. ಬೂಸ್ಟ್ ಕಮ್ಮಿ, ಆದ್ರೆ ಕಪ್ಪು ಹೊಗೆ ಇಲ್ವಾ? ಆಗ ಡೀಸೆಲ್ ಫಿಲ್ಟರ್ ನೋಡಿ. ಒಳಗೆ ಉರಿಯೋದೇ ಕಮ್ಮಿ ಆದ್ರೆ ಟರ್ಬೋ ತಿರುಗಿಸೋಕೆ ಶಕ್ತಿ ಎಲ್ಲಿಂದ ಬರಬೇಕು?

ನಮ್ಮದು ಮೂರನೇ ನಂಬರಿನಲ್ಲೇ ಸಿಕ್ತು. ಹೋಸ್‌ನ ಅಡಿಭಾಗದಲ್ಲಿ, ಕ್ಲಾಂಪ್ ಪಕ್ಕ, ಬೆರಳುದ್ದ ಸೀಳು. ಮೇಲಿಂದ ನೋಡಿದ್ರೆ ಕಾಣ್ತಾನೇ ಇರ್ಲಿಲ್ಲ. ಹೋಸ್ ಬದಲಾಯಿಸಿದ ಮೇಲೆ ಗೇಜ್ ಮೊದಲಿನ ಜಾಗಕ್ಕೆ ಬಂತು, ಹೊಗೆ ತೆಳುವಾಯ್ತು.

ನಿಮ್ಮ ಮನೆಯಲ್ಲೂ ಬೋಟ್ ಇದೆಯಾ? ಜೂನ್ 1ರಿಂದ ಜುಲೈ 31ರ ರಜೆಯಲ್ಲಿ ಈ ಆರನ್ನೂ ನೋಡಿಬಿಡಿ. ದಡದಲ್ಲಿ ಇದು ಅರ್ಧ ದಿನದ ಕೆಲಸ. ನಡುಗಡಲಲ್ಲಿ ಗಾಳಿ ಎದ್ದಾಗ ಇಂಜಿನ್ ಎಳೆಯಲಿಲ್ಲ ಅಂದ್ರೆ ಅದು ಬರೀ ಖರ್ಚಿನ ವಿಷಯ ಅಲ್ಲ.

ಡೌಟ್ ಇದ್ರೆ ಕಮೆಂಟ್ ಹಾಕಿ, ಅಪ್ಪನ ಹತ್ರ ಕೇಳಿ ಹೇಳ್ತೇನೆ. ಮುಂದಿನ ಭಾಗ: ಗೇರ್‌ಬಾಕ್ಸ್ ಎಣ್ಣೆ.

#ಬೋಟ್_ಕಥೆ #ಮಲ್ಪೆ #ಬಿಕಾಂ_ಬದುಕು